ವೈಯಾವೃತ್ಯವೂ ವಿದ್ಯುತ್ ಚಿಕಿತ್ಸೆಯೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನವು ಮದ್ದಿನ ಬೆಲೆ ತೆತ್ತ ಮಾತ್ರಕ್ಕೆ ಪೂರ್ಣವಾಗುವುದಿಲ್ಲ. ರೋಗಿಯ ಬಳಿ ಕುಳಿತು ಮಾಡುವ ಸೇವೆಯನ್ನು, ಅಂದರೆ ವೈಯಾವೃತ್ಯವನ್ನು, ಜೈನಾಚಾರ್ಯರು ಆರು ಆಭ್ಯಂತರ ತಪಗಳಲ್ಲಿ ಒಂದೆಂದು ಎಣಿಸಿದ್ದಾರೆ. ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡವರ ವಿಷಯದಲ್ಲಿ ಈ ಎಣಿಕೆಯ ಔಚಿತ್ಯ ಎದ್ದು ಕಾಣುತ್ತದೆ.

ಮಿದುಳಿನ ಆಜ್ಞೆಯು ಬೆನ್ನುಹುರಿಯ ಮೂಲಕ ಸ್ನಾಯುಗಳನ್ನು ಸೇರುತ್ತದೆ. ಪೆಟ್ಟು ಬಿದ್ದಲ್ಲಿ ಆ ಹಾದಿ ಕಡಿದಂತಾಗುತ್ತದೆ. ಆದರೂ ಅನೇಕರಲ್ಲಿ ಕೆಲವು ನರತಂತುಗಳು ಉಳಿದಿರುತ್ತವೆ. ಪೆಟ್ಟಿನ ಕೆಳಗಿನ ನರಕೋಶಗಳೂ ಜೀವಂತವಾಗಿರುತ್ತವೆ. ಬೆನ್ನುಹುರಿಗೆ ಅಲ್ಪ ಪ್ರಮಾಣದ ವಿದ್ಯುತ್ ಹರಿಸಿದಾಗ ಅವು ಎಚ್ಚರಗೊಳ್ಳುತ್ತವೆ. ಅದೇ ಹೊತ್ತಿಗೆ ವ್ಯಾಯಾಮ ಮಾಡಿಸಿದರೆ ಅಳಿದುಳಿದ ಸಂಪರ್ಕ ಬಲಗೊಳ್ಳಬಹುದು.

2011ರಲ್ಲಿ ಅಮೆರಿಕದ ಲೂಯಿವಿಲ್ ನಗರದ ಸಂಶೋಧಕರು ಈ ವಿಧಾನದಿಂದ ಒಬ್ಬ ತರುಣನು ಎದ್ದು ನಿಂತುದನ್ನು ವರದಿ ಮಾಡಿದರು. ಸಾಧನವನ್ನು ಅಳವಡಿಸುವ ಮುನ್ನ ಆತನು 26 ತಿಂಗಳುಗಳಲ್ಲಿ 170 ಬಾರಿ ನಡಿಗೆಯ ತರಬೇತಿ ಪಡೆದಿದ್ದನು. 2024ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ, ಕುತ್ತಿಗೆಯ ಚರ್ಮದ ಮೇಲಿನಿಂದಲೇ ವಿದ್ಯುತ್ ನೀಡಲಾಯಿತು. 60 ಜನರು ಎರಡು ತಿಂಗಳು ವ್ಯಾಯಾಮವನ್ನಷ್ಟೇ ಮಾಡಿ, ಮುಂದಿನ ಎರಡು ತಿಂಗಳು ವಿದ್ಯುತ್ತಿನೊಡನೆ ವ್ಯಾಯಾಮ ಮಾಡಿದರು. ಶೇ. 72ರಷ್ಟು ಜನರ ಕೈಗಳ ಬಲವೂ ಬಳಕೆಯೂ ಸುಧಾರಿಸಿದವು. ಪೆಟ್ಟಾಗಿ ಬಹು ವರ್ಷ ಕಳೆದವರೂ ಅವರಲ್ಲಿದ್ದರು. ಇದು ಪೂರ್ಣ ಗುಣವಲ್ಲ. ಆದರೆ ತುತ್ತನ್ನು ತಾನೇ ಎತ್ತಿ ಉಣ್ಣಬಲ್ಲೆನೆಂಬುದು ಅಂಥವನಿಗೆ ಅಲ್ಪಲಾಭವೂ ಅಲ್ಲ.

ವಿಜಯಪುರ ನಗರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ. ತಿಕೋಟಾ, ಬಬಲೇಶ್ವರಗಳು ಅಲ್ಲಿಂದ ದೂರವೇನಲ್ಲ. ಆದರೆ ಸೊಂಟದ ಕೆಳಗೆ ಸ್ವಾಧೀನವಿಲ್ಲದ ದ್ರಾಕ್ಷಿ ತೋಟದ ಕೂಲಿಕಾರನನ್ನು ದಿನವೂ ಹೊತ್ತು ತರುವವರಾರು? ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕೀಲುಗಳು ಬಿಗಿಯುತ್ತವೆ, ಬೆನ್ನಿನಲ್ಲಿ ಒತ್ತುಹುಣ್ಣಾಗುತ್ತದೆ. ಅಂಥ ದೇಹಕ್ಕೆ ನಾಳೆ ಎಂಥ ಸಾಧನ ಬಂದರೂ ಅದರ ಫಲ ಪಡೆಯುವುದು ಕಷ್ಟ. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುವುದು, ಕೈಕಾಲುಗಳ ಕೀಲುಗಳನ್ನು ಮೆಲ್ಲನೆ ಆಡಿಸುವುದು, ಚರ್ಮವನ್ನು ದಿನವೂ ನೋಡುವುದು ಮನೆಯವರಿಂದಲೇ ಆಗತಕ್ಕ ಕೆಲಸ. ಬಲ್ಲವರು ಒಮ್ಮೆ ಕಲಿಸಿಕೊಡಬೇಕು.

“ಅವನ ಕರ್ಮ, ಅನುಭವಿಸಲಿ” ಎಂಬ ಮಾತು ಶ್ರಾವಕನ ಬಾಯಲ್ಲಿ ಬರತಕ್ಕದ್ದಲ್ಲ. ಅಸಾತಾವೇದನೀಯದ ಉದಯವನ್ನು ಸಮಭಾವದಿಂದ ಸಹಿಸೆಂದು ಶಾಸ್ತ್ರವು ನೊಂದವನಿಗೆ ಹೇಳಿದೆ. ನೋಡುವವನಿಗೆ ಹೇಳಿದ್ದು ಅನುಕಂಪೆಯನ್ನು. ಹಾಗೆಯೇ, “ಮೊದಲಿನಂತೆ ನಡೆಸುತ್ತೇವೆ” ಎಂದು ನಂಬಿಸಿ ಹೊಲ ಮಾರಿಸುವವರಿಂದ ಬಡ ಕುಟುಂಬವನ್ನು ಎಚ್ಚರಿಸುವುದು ಸತ್ಯಾಣುವ್ರತಕ್ಕೆ ಸೇರಿದ ಕರ್ತವ್ಯ.

ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥನ ದರ್ಶನಕ್ಕೆ ದೂರದೂರದಿಂದ ಭಕ್ತರು ಬರುತ್ತಾರೆ. ಹಾಸಿಗೆ ಹಿಡಿದವನು ಎಲ್ಲಿಗೂ ಬರಲಾರ. ಅವನಿದ್ದಲ್ಲಿಗೆ ಸಮಾಜವೇ ಹೋಗಬೇಕು. ಬಸದಿಗಳ ಟ್ರಸ್ಟುಗಳು ಬೆಲೆಬಾಳುವ ಯಂತ್ರವೊಂದನ್ನು ಕೊಂಡು ಹೆಸರು ಕೆತ್ತಿಸುವುದಕ್ಕಿಂತ ಮೊದಲು ಒಬ್ಬ ಫಿಜಿಯೋಥೆರಪಿಸ್ಟರ ಸಂಬಳವನ್ನೂ ಹಳ್ಳಿಗಳಿಗೆ ಹೋಗಿಬರಲು ಒಂದು ವಾಹನವನ್ನೂ ಒದಗಿಸಲಿ. ಜಾತಿ ಮತ ಕೇಳದೆ, ವಾರಕ್ಕೆರಡು ಬಾರಿ ಆ ವಾಹನವು ತಿಕೋಟಾ, ಬಬಲೇಶ್ವರಗಳ ಮನೆಗಳ ಮುಂದೆ ನಿಂತರೆ ಔಷಧದಾನವೂ ವೈಯಾವೃತ್ಯವೂ ಒಂದಾದಂತೆ.