ಅಟ್ಟದಿಂದ ಇಳಿದ ತಾತನ ಕತ್ತಿ

ನಮ್ಮ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಇಪ್ಪತ್ತು ವರ್ಷದಿಂದ ಕೂತಿತ್ತು. ಅದು ತಾತನ ಹಡಪ. ಕುದೂರಿನ ಸುತ್ತಲ ಹಳ್ಳಿಗಳಿಗೆ ನಡೆದು ಹೋಗಿ ಕ್ಷೌರ ಮಾಡಿ, ಸುಗ್ಗಿಯಲ್ಲಿ ರಾಗಿ ತರುತ್ತಿದ್ದವರು ಅವರು. ಕಾಲೇಜಿನಲ್ಲಿ ಯಾರಾದರೂ ಮನೆಯ ಕಸುಬು ಕೇಳಿದರೆ ನಾವು 'ವ್ಯವಸಾಯ' ಅಂದುಬಿಡುತ್ತಿದ್ದೆವು. ನಮ್ಮ ಕಸುಬಿನ ಹೆಸರನ್ನೇ ಜನ ಬೈಗುಳ ಮಾಡಿಕೊಂಡಿದ್ದರು. ಪೆಟ್ಟಿಗೆ ಅಟ್ಟ ಸೇರಿದ್ದು ಅದಕ್ಕೇ.

ಈಗ ಮಗನಿಗೆ ಸಾವನದುರ್ಗದಲ್ಲಿ ಮುಡಿ ತೆಗೆಸಬೇಕು. "ತಾತನ ಕತ್ತೀಲೇ ಆಗ್ಲಿ ಕಣಪ್ಪ" ಅಂದರು ಅಪ್ಪ. ಪೆಟ್ಟಿಗೆ ಇಳಿಸಿದರೆ ಎರಡು ಕತ್ತಿ, ಎರಡಕ್ಕೂ ತುಕ್ಕು.

ಅಪ್ಪ ಹೇಳಿಕೊಟ್ಟಂತೆ ನೋಡುತ್ತಾ ಹೋದೆವು. ಕೆಂಪು ಪುಡಿ ತುಕ್ಕು ಮೇಲ್ಮೇಲಿನದು. ಕೊಬ್ಬರಿ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಉಜ್ಜಿದರೆ ಬಹುಪಾಲು ಹೋಗುತ್ತದೆ. ಕೆಳಗೆ ಕಪ್ಪು ಕಲೆ ಉಳಿದು, ಉಗುರು ಆಡಿಸಿದರೆ ನುಣ್ಣಗಿದ್ದರೆ ಭಯವಿಲ್ಲ. ಉಗುರು ಸಿಕ್ಕಿಕೊಂಡರೆ ಅದು ಗುಳಿ. ಗುಳಿ ಬೆನ್ನಿನಲ್ಲಿದ್ದರೆ ಪರವಾಗಿಲ್ಲ, ಬಾಯಲ್ಲಿದ್ದರೆ ಎಷ್ಟು ಮಸೆದರೂ ಅಂಚು ಮುಕ್ಕಾಗುತ್ತದೆ.

ಒಂದು ಕತ್ತಿಗೆ ಕೊಂಬಿನ ಹಿಡಿ. ಅದು ನುಣ್ಣಗಿತ್ತು. ತಾತನಿಗೆ ಪ್ರಿಯವಾದ ಇನ್ನೊಂದಕ್ಕೆ ಸೆಲ್ಯುಲಾಯ್ಡ್ ಹಿಡಿ. ಹಳೆಯ ಸೆಲ್ಯುಲಾಯ್ಡ್ ಕೊಳೆಯುತ್ತಾ ಆಮ್ಲ ಬಿಡುತ್ತದೆ. ಮಡಚಿಟ್ಟಷ್ಟೂ ದಿನ ಅದೇ ಅಲಗನ್ನು ತಿಂದಿತ್ತು. ಫೋನಿನ ಕ್ಯಾಮೆರಾ ದೊಡ್ಡದು ಮಾಡಿ ನೋಡಿದರೆ ಬಾಯ ತುಂಬ ಗುಳಿ.

ಯಾವ ಉಕ್ಕು ಅಂತ ತಿಳಿಯಲು ಅಯಸ್ಕಾಂತ ಸಾಲದು. ಸ್ಟೇನ್‌ಲೆಸ್ ಕತ್ತಿಯೂ ಅದಕ್ಕೆ ಅಂಟುತ್ತದೆ. ಹಿಡಿಯ ಹತ್ತಿರ ಒಂದು ಹನಿ ನಿಂಬೆರಸ ಬಿಟ್ಟು ಸ್ವಲ್ಪ ಹೊತ್ತು ಕಾದೆವು. ಮಾವಿನಕಾಯಿ ಹೆಚ್ಚಿದ ಈಳಿಗೆಮಣೆಯ ಹಾಗೆ ಕಪ್ಪಾಯಿತು. ಅಂದರೆ ಇಂಗಾಲದ ಉಕ್ಕು. ಕನಿಷ್ಠ ಶೇ. 10.5 ಕ್ರೋಮಿಯಂ ಇರುವ ಸ್ಟೇನ್‌ಲೆಸ್ ಆಗಿದ್ದರೆ ಹಾಗೆ ಕಪ್ಪಾಗುತ್ತಿರಲಿಲ್ಲ. ಸಾಣೆ ಮಿಷನ್ನಿಗೆ ಕೊಡೋಣ ಅಂದಿದ್ದಕ್ಕೆ ಅಪ್ಪ ಬಿಡಲಿಲ್ಲ. ಕಾವಿಗೆ ಅಲಗು ನೀಲಿ ತಿರುಗಿದರೆ ಹದ ಹೋದಂತೆಯೇ.

'ಉಕ್ಕು' ನಮ್ಮ ಮಾತು. ಇಂಗ್ಲಿಷಿನವರ 'ವೂಟ್ಜ್' ಇದರಿಂದಲೇ ಬಂತು ಎನ್ನುವ ವಿದ್ವಾಂಸರು ಬಹಳ. ನಮ್ಮ ಪಕ್ಕದ ಚನ್ನಪಟ್ಟಣ ಒಂದು ಕಾಲಕ್ಕೆ ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿಗೆ ಹೆಸರಾಗಿತ್ತು. ಲಂಡನ್ನಿನ ವಿಜ್ಞಾನಿ ಮೈಕೆಲ್ ಫ್ಯಾರಡೆ ಭಾರತದ ಆ ಉಕ್ಕನ್ನು ಪರೀಕ್ಷಿಸಿ, 1820ರಲ್ಲಿ ಸ್ಟೋಡಾರ್ಟ್ ಎಂಬ ಕತ್ತಿ ತಯಾರಕರ ಜೊತೆ ಉಕ್ಕಿನ ಮಿಶ್ರಲೋಹಗಳ ಬಗ್ಗೆ ಬರೆದರು. ತಾವು ಕಂಡುಹಿಡಿದ ಮಿಶ್ರಲೋಹದಲ್ಲಿ ಕ್ಷೌರದ ಕತ್ತಿ ಮಾಡಿಸಿ ಗೆಳೆಯರಿಗೆ ಉಡುಗೊರೆ ಕೊಡುತ್ತಿದ್ದರು. ನಾವು ನಾಚಿಕೊಂಡು ಅಟ್ಟಕ್ಕೆ ಹಾಕಿದ್ದು ಅಂಥದ್ದೇ ವಸ್ತುವನ್ನು.

ಮುಡಿಯ ದಿನ ಕೊಂಬಿನ ಹಿಡಿಯ ಕತ್ತಿಯನ್ನು ಅಪ್ಪ ಚರ್ಮದ ಪಟ್ಟಿಗೆ ಎಳೆದು, ಚರ್ಮಕ್ಕೆ ತಾಗಿಸದೆ ಒಂದೇ ಒಂದು ಎಳೆ ಕೂದಲು ತೆಗೆದರು. ಉಳಿದದ್ದಕ್ಕೆ ಹೊಸ ಬ್ಲೇಡು. ರಕ್ತದಿಂದ ಹರಡುವ ಕಾಯಿಲೆ ಇರುವ ಕಾಲದಲ್ಲಿ ಕೂಸಿನ ತಲೆಗೆ ಹಳೆ ಕತ್ತಿ ಬೇಡ ಅಂದವರೂ ಅವರೇ.

ನಿಮ್ಮ ಮನೆಯಲ್ಲೂ ಇಂಥ ಕತ್ತಿ ಇದ್ದರೆ ಗುಜರಿಗೆ ಹಾಕಬೇಡಿ. ಒರೆಸಿ, ಎಣ್ಣೆ ಸವರಿ, ಸೆಲ್ಯುಲಾಯ್ಡ್ ಹಿಡಿಯದ್ದನ್ನು ಬೇರೆಯಾಗಿಡಿ. ಯಾರದು ಅಂತ ಮಕ್ಕಳು ಕೇಳಿದರೆ ಹೇಳಿ. ನಮ್ಮ ಪೆಟ್ಟಿಗೆ ಈಗ ನಡುಮನೆಯಲ್ಲಿದೆ.