ಮುಂದೆ ನಾನು, ಹಿಂದೆ ಇವರು

‘ಹೆದರ್ಕೋಬೇಡ, ಸೀಟು ನಾನು ಹಿಡ್ಕೊಂಡಿದ್ದೀನಿ. ಕೆಳಗೆ ನೋಡ್ಬೇಡ, ಮುಂದೆ ನೋಡು. ಮೆಲ್ಲಗೆ ಪೆಡಲ್ ಒತ್ತು.’

2022ರ ಫೆಬ್ರುವರಿಯ ಒಂದು ಭಾನುವಾರ. ದೇವರಾಯಸಮುದ್ರದ ನಮ್ಮ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಇವರು ನನಗೆ ಸೈಕಲ್ ಕಲಿಸಲು ನಿಂತಿದ್ದರು. ಕೋಲಾರದ ಅಂಗಡಿಯೊಂದರಲ್ಲಿ ಸೆಕೆಂಡ್ ಹ್ಯಾಂಡ್ ಲೇಡೀಸ್ ಸೈಕಲ್ ಕೊಂಡು, ಎಣ್ಣೆ ಬಿಟ್ಟು, ಹೊಸ ಬೆಲ್ ಹಾಕಿಸಿ, ನನ್ನ ಹುಟ್ಟುಹಬ್ಬಕ್ಕೆಂದು ತಂದಿದ್ದರು. ಬಾಗಿಲಲ್ಲಿ ಅತ್ತೆ. ಅವರ ಸೆರಗು ಹಿಡಿದು ಆರು ವರ್ಷದ ಮಗಳು.

ನಾನು ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿದೆ. ಒಂದು ಕಾಲು ಪೆಡಲ್ ಮೇಲಿಟ್ಟು ಎರಡು ಸಲ ನೆಲ ಒದ್ದು ಹತ್ತಿದೆ. ಅಷ್ಟೇ. ಸೀಟು ಇವರ ಕೈಯಿಂದ ಜಾರಿತು. ಹುಣಸೆಮರ ಸುತ್ತಿ, ಬೆಲ್ ಹೊಡೆಯುತ್ತ ವಾಪಸ್ ಬಂದು, ಇವರ ಮುಂದೆ ಬ್ರೇಕ್ ಹಾಕಿ ನಿಲ್ಲಿಸಿದೆ. ಮಗಳು ಚಪ್ಪಾಳೆ ಹೊಡೆದಳು.

‘ಅರೆ! ನಿಂಗೆ ಬರುತ್ತಾ? ಯಾವಾಗ ಕಲ್ತೆ?’ ಅಂದರು ಇವರು. ನಾನು ಬಾಯಿ ತೆರೆಯುವ ಮೊದಲೇ, ‘ಒಳ್ಳೇದೇ ಆಯ್ತು ಬಿಡು. ಮುಂದಿನ ಭಾನುವಾರ ಆವಣಿಗೆ ಹೋಗೋಣ’ ಎಂದು ತಮ್ಮ ಸೈಕಲ್ಲಿನ ಗಾಳಿ ನೋಡಲು ಹೊರಟುಬಿಟ್ಟರು.

ಯಾವಾಗ ಕಲಿತೆ ಎಂದು ಕೇಳಿದ್ದರು. ಉತ್ತರಕ್ಕೆ ನಿಲ್ಲಲಿಲ್ಲ. ಆಗ ಅದು ನನಗೆ ದೊಡ್ಡ ವಿಷಯ ಅನ್ನಿಸಲಿಲ್ಲ. ಮದುವೆಯಾಗಿ ಎಂಟು ವರ್ಷವಾದ ಮೇಲೆ ಇಂಥದ್ದೆಲ್ಲ ಲೆಕ್ಕಕ್ಕೆ ಬರುವುದಿಲ್ಲ.

ಇವರಿಗೆ ಸೈಕಲ್ ಹುಚ್ಚು ಹತ್ತಿದ್ದು 2020ರ ಲಾಕ್‌ಡೌನ್‌ನಲ್ಲಿ. ಕಾರ್ಖಾನೆ ಮುಚ್ಚಿತ್ತು, ಮನೆಯಲ್ಲಿ ಕೂತು ಸಾಕಾಗಿತ್ತು. ಬೆಂಗಳೂರಿನ ಸ್ನೇಹಿತರೊಬ್ಬರ ಹಳೆಯ ಗೇರ್ ಸೈಕಲ್ ತಂದರು. ಆಮೇಲೆ ಹೆಲ್ಮೆಟ್ ಬಂತು, ಕೈಗವಸು ಬಂತು, ಎಷ್ಟು ಕಿಲೋಮೀಟರ್ ಯಾವ ವೇಗದಲ್ಲಿ ತುಳಿದಿರಿ ಎಂದು ಹೇಳುವ ಆ್ಯಪ್ ಮೊಬೈಲಿಗೆ ಬಂತು. ಭಾನುವಾರ ಬೆಳಗಿನ ಐದಕ್ಕೆ ಕೋಲಾರದ ಗೆಳೆಯರ ಜೊತೆ ಹೊರಟರೆ ಒಮ್ಮೆ ಕುರುಡುಮಲೆ ಗಣಪನ ಕಡೆ, ಒಮ್ಮೆ ಅಂತರಗಂಗೆಯ ಕಡೆ. ಬಂದ ಮೇಲೆ ದೋಸೆ ಹಾಕುವ ನನಗೆ ಏರು ಎಷ್ಟಿತ್ತು, ಎದುರುಗಾಳಿ ಹೇಗಿತ್ತು ಎಂಬ ವರದಿ. ನಾನು ಹೂಂ ಅನ್ನುತ್ತಿದ್ದೆ. ಒಳಗೊಳಗೇ ನನ್ನ ಕಾಲು ಜುಮ್ ಅನ್ನುತ್ತಿತ್ತು ಅನ್ನುವುದು ಇವರಿಗೆ ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ.

ಸೈಕಲ್ ಬಂದ ಸಂಜೆಯೇ ಅತ್ತೆ, ‘ಮದುವೆಯಾಗಿ ಮಗು ಇರೋ ಹೆಂಗಸು ಸೈಕಲ್ ತುಳಿದ್ರೆ ನೋಡೋರು ಏನಂತಾರೆ?’ ಅಂದರು. ನಮ್ಮದು ಆಂಧ್ರದ ಗಡಿಯ ಸೀಮೆ. ಅತ್ತೆಗೆ ನಿಜವಾಗಿ ಸಿಟ್ಟು ಬಂದರೆ ಮಾತು ತೆಲುಗಿಗೆ ಹೊರಳುತ್ತದೆ. ಅವತ್ತು ಕನ್ನಡದಲ್ಲೇ ಹೇಳಿದ್ದರಿಂದ ಪರವಾಗಿಲ್ಲ ಅಂದುಕೊಂಡೆ.

ಇವರು ಸುಮ್ಮನಿರಲಿಲ್ಲ. ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯ ಕಥೆ ಹೇಳಿದರು. 1990ರ ದಶಕದ ಆರಂಭದಲ್ಲಿ ಅಲ್ಲಿ ಸಾಕ್ಷರತಾ ಆಂದೋಲನದ ಜೊತೆಜೊತೆಗೆ ಸೈಕಲ್ ಕಲಿಕೆಯೂ ನಡೆಯಿತು. ಆಗ ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್ ಎಂಬ ಮಹಿಳೆ. ಗದ್ದೆ ಕೆಲಸದವರು, ಕಲ್ಲು ಒಡೆಯುವವರು, ಅಂಗನವಾಡಿ ಕಾರ್ಯಕರ್ತೆಯರು ಹೀಗೆ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಹತ್ತಿದರು. ಕೆಲವರಿಗೆ ಗಂಡಸರ ಸೈಕಲ್ಲೇ ಹೆಚ್ಚು ಇಷ್ಟವಾಯಿತಂತೆ, ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಬಹುದಲ್ಲ ಎಂದು.

ಅತ್ತೆ ಎಲ್ಲ ಕೇಳಿಸಿಕೊಂಡು, ‘ಅದು ಅವರ ಊರು’ ಎಂದು ಎದ್ದು ಹೋದರು.

ಮುಂದಿನ ಭಾನುವಾರ ಬೆಳಗಿನ ಜಾವ ಹೊರಟೆವು. ಕೋಲಾರ-ಮುಳಬಾಗಿಲು ನಡುವಿನ ಹೆದ್ದಾರಿ ನಮ್ಮೂರ ಮಗ್ಗುಲಲ್ಲೇ ಹಾದುಹೋಗುತ್ತದೆ. ಟೊಮೆಟೊ ಕ್ರೇಟುಗಳನ್ನು ಹೇರಿಕೊಂಡ ಲಾರಿಗಳ ಪಕ್ಕದಲ್ಲಿ ಸೈಕಲ್ ತುಳಿಯುವುದು ಜಾಣತನವಲ್ಲ. ಹಾಗಾಗಿ ಒಳದಾರಿ ಹಿಡಿದೆವು. ಹಿಂದಿನ ವರ್ಷದ ಕೊನೆಯಲ್ಲಿ ಸುರಿದ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಹರಿದಿದ್ದವು. ನದಿಯ ನೀರು ಕಾಣದ ನಮಗೆ ಕೆರೆಯೇ ನದಿ, ಕೆರೆಯೇ ಸಮುದ್ರ. ನಮ್ಮೂರ ಹೆಸರಲ್ಲೇ ಅದು ಇದೆಯಲ್ಲ! ಬಂಡೆಗುಡ್ಡಗಳ ಹಿಂದಿನಿಂದ ಬೆಳಕು ಬರುತ್ತಿತ್ತು. ತಣ್ಣನೆ ಗಾಳಿ ಮುಖಕ್ಕೆ ಬಡಿದಾಗ ನನಗೆ ಹದಿಮೂರು ವರ್ಷ ಅನ್ನಿಸಿತು.

ಆ ಖುಷಿ ಹತ್ತು ನಿಮಿಷ ಇತ್ತೋ ಏನೋ. ಇವರದು ಗೇರ್ ಸೈಕಲ್, ನನ್ನದು ಗೇರ್ ಇಲ್ಲದ ಭಾರದ ಸೈಕಲ್. ಮೊದಲ ಏರಿನಲ್ಲೇ ಇವರು ಮುಂದೆ ಹೋದರು. ‘ಬಾ ಬಾ, ಇಷ್ಟೇ ಏರು’ ಎಂದು ಕೂಗಿದ್ದು ಕೇಳಿಸಿತು. ಎರಡನೆಯ ಏರಿನಲ್ಲಿ ಬೆನ್ನು ಮಾತ್ರ ಕಂಡಿತು. ಮೂರನೆಯ ತಿರುವಿನಲ್ಲಿ ಅದೂ ಇಲ್ಲ. ಅಲ್ಲೇ ನನ್ನ ಚೈನ್ ಕಳಚಿತು.

ರಸ್ತೆ ಬದಿಯಿಂದ ಒಂದು ಕಡ್ಡಿ ತಂದು, ಚೈನ್ ಎತ್ತಿ ಮುಂದಿನ ಚಕ್ರದ ಹಲ್ಲಿಗೆ ಸಿಕ್ಕಿಸಿ, ಪೆಡಲನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದೆ. ಟರ್ ಎಂದು ಕೂತಿತು. ಎರಡು ನಿಮಿಷದ ಕೆಲಸ. ಆಮೇಲೆ ಮೋರಿಯ ಕಟ್ಟೆಯ ಮೇಲೆ ಕೂತು ಕಾದೆ. ಐದು ನಿಮಿಷ, ಹತ್ತು ನಿಮಿಷ, ಕಾಲು ಗಂಟೆ. ಯಾರೂ ಬರಲಿಲ್ಲ. ಸೈಕಲ್ ತಿರುಗಿಸಿ ಮನೆಗೆ ಬಂದುಬಿಟ್ಟೆ.

ಇವರು ಬಂದದ್ದು ಒಂದೂವರೆ ಗಂಟೆಯ ಮೇಲೆ. ಮುಖ ಬಿಳಚಿಕೊಂಡಿತ್ತು. ಆವಣಿ ಬೆಟ್ಟ ಕಾಣಿಸುವವರೆಗೆ ಹೋಗಿ, ತಿರುಗಿ ನೋಡಿ, ನಾನಿಲ್ಲದೆ ಗಾಬರಿಯಾಗಿ, ದಾರಿಯುದ್ದಕ್ಕೂ ಕಂಡವರನ್ನೆಲ್ಲ ಕೇಳಿಕೊಂಡು ಬಂದಿದ್ದರು. ನನ್ನ ಮೊಬೈಲ್ ಮನೆಯಲ್ಲೇ ಚಾರ್ಜಿಗಿತ್ತು.

‘ಒಂದು ಮಾತು ಹೇಳ್ದೆ ಬರೋದಾ? ಏನಾದ್ರೂ ಆಗಿದ್ರೆ?’ ಎಂದು ರೇಗಿದರು.

‘ಯಾರಿಗ್ರೀ ಹೇಳ್ಲಿ? ನೀವು ತಿರುಗಿ ನೋಡ್ಲೇ ಇಲ್ಲ’ ಅಂದೆ. ‘ನೀವು ಸೈಕಲ್ ತುಳಿಯೋಕೆ ಹೋಗಿದ್ರಿ. ನನ್ನ ಜೊತೆ ಬರೋಕಲ್ಲ.’

ಆ ವಾರ ಮನೆಯಲ್ಲಿ ಮಾತೇ ಇರಲಿಲ್ಲ. ಊಟಕ್ಕೆ ಬನ್ನಿ, ಕರೆಂಟ್ ಬಿಲ್ ಬಂದಿದೆ, ಮಗಳ ಫೀಸ್ ಕಟ್ಟಬೇಕು – ಇಷ್ಟೇ. ಸಣ್ಣ ಜಗಳ ಎಂದು ನಿಮಗೆ ಅನ್ನಿಸಬಹುದು. ಆದರೆ ಆ ಒಂದು ವಾರದಲ್ಲಿ ಎಂಟು ವರ್ಷದ ಸಂಸಾರ ನನಗೆ ಆ ತಿರುವಿನ ಹಾಗೆಯೇ ಕಂಡಿತು. ಇವರು ಒಳ್ಳೆಯವರು, ಆದರೆ ಸದಾ ಮುಂದೆ. ನಾನು ಎಲ್ಲೋ ಹಿಂದೆ, ಯಾರೂ ಕೇಳದ ಉತ್ತರಗಳನ್ನು ಇಟ್ಟುಕೊಂಡು.

ಶನಿವಾರ ರಾತ್ರಿ ಇವರು ನನ್ನ ಸೈಕಲ್ಲಿನ ಹಿಂದಿನ ಚಕ್ರ ಹಿಂದಕ್ಕೆ ಸರಿಸಿ ಚೈನ್ ಬಿಗಿ ಮಾಡುತ್ತಿದ್ದರು. ನಾನು ಟಾರ್ಚ್ ಹಿಡಿದಿದ್ದೆ. ನಟ್ ತಿರುಗಿಸುತ್ತಲೇ ಕೇಳಿದರು, ‘ಚೈನ್ ನೀನೇ ಹಾಕಿದ್ಯಾ? ಇದೆಲ್ಲ ಯಾರು ಕಲಿಸಿದ್ರು ನಿಂಗೆ?’ ಕೇಳಿ, ಸ್ಪ್ಯಾನರ್ ಕೆಳಗಿಟ್ಟು, ಕೂತರು.

ಹೇಳಿದೆ.

ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿ. ಅಪ್ಪನ ಹತ್ತಿರ ಒಂದು ಕರಿ ಸೈಕಲ್ಲಿತ್ತು. ಜಾತ್ರೆಗೆ ಹೊರಟರೆ ಬಾರಿನ ಮೇಲೆ ಟವೆಲ್ ಸುತ್ತಿ ನನ್ನನ್ನು ಕೂರಿಸುವರು, ಹಿಂದೆ ಕ್ಯಾರಿಯರ್ ಮೇಲೆ ಅಮ್ಮ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂರುವಳು. ‘ಹೋಗೋವಾಗ ದಾರಿಯ ಒಂದು ಪಕ್ಕ ನೋಡೋದು, ಬರೋವಾಗ ಇನ್ನೊಂದು ಪಕ್ಕ ನೋಡೋದು. ಎದುರಿಗೆ ನಿಮ್ಮಪ್ಪನ ಬೆನ್ನು’ ಎಂದು ಅಮ್ಮ ನಗುತ್ತಿದ್ದಳು. ಅದೇ ಸೈಕಲ್ಲಿನಲ್ಲಿ, ಬಾರಿನ ಕೆಳಗಿನಿಂದ ಕಾಲು ತೂರಿಸಿ, ಒಳಪೆಡಲ್ ಹೊಡೆದು, ಮೊಣಕಾಲು ಕೆತ್ತಿಕೊಂಡು ನಾನು ಕಲಿತೆ.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಬಡ ಕುಟುಂಬದ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಗಂಡುಮಕ್ಕಳಿಗೆ ಸಿಕ್ಕಿದ್ದು ಮರುವರ್ಷ. ಆ ಮೊದಲ ವರ್ಷದ ಎಂಟನೇ ತರಗತಿಯಲ್ಲಿ ನಾನಿದ್ದೆ. ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಸಿಕ್ಕಿದ ಮೊದಲ ವಸ್ತು ಅದು. ಶಾಲೆ ನಾಲ್ಕು ಕಿಲೋಮೀಟರ್ ದೂರ. ನಾವು ಐದು ಹುಡುಗಿಯರು ಸಾಲಾಗಿ ಹೋಗುತ್ತಿದ್ದೆವು. ಜೂನ್ ತಿಂಗಳಲ್ಲಿ ಮಾವಿನ ತೋಪುಗಳ ಪಕ್ಕ ಬರುವಾಗ ಬಿದ್ದ ಕಾಯಿಗಳು ಮುಂದಿನ ಬುಟ್ಟಿಗೆ ಬರುತ್ತಿದ್ದವು. ಪಂಕ್ಚರ್ ಆದರೆ ತಳ್ಳಿಕೊಂಡು ಬರುವುದು, ಚೈನ್ ಬಿದ್ದರೆ ಕಡ್ಡಿಯಲ್ಲಿ ಹಾಕಿಕೊಳ್ಳುವುದು, ಯಾರಾದರೂ ಹಿಂದೆ ಉಳಿದರೆ ಉಳಿದ ನಾಲ್ವರೂ ನಿಲ್ಲುವುದು. ಯಾರೂ ಮಾಡಿದ ನಿಯಮವಲ್ಲ, ಹಾಗೇ ನಡೆಯುತ್ತಿತ್ತು.

ಎಸ್‌ಎಸ್‌ಎಲ್‌ಸಿ ಮುಗಿಯಿತು. ಕಾಲೇಜಿಗೆ ಬಸ್ಸಿದೆ, ದೊಡ್ಡವಳಾದ ಹುಡುಗಿಗೆ ಸೈಕಲ್ ಯಾಕೆ ಎಂದು ಸೈಕಲ್ಲನ್ನು ತಮ್ಮನಿಗೆ ಕೊಟ್ಟರು. ಅವನು ಅದನ್ನು ಮುರಿಯುವವರೆಗೂ ಓಡಿಸಿದ. ಒಂದು ದಿನ ಕಾಲೇಜಿನಿಂದ ಬಂದಾಗ ಗುಜರಿಯವನ ಗಾಡಿಯ ಮೇಲೆ ಅದರ ಬುಟ್ಟಿ ಕಂಡಿತು. ನಾನು ಯಾರಿಗೂ ಏನೂ ಹೇಳಲಿಲ್ಲ. ಆಮೇಲೆ ಮದುವೆಯಾಯಿತು. ಸೈಕಲ್ ಬರುತ್ತದೆ ಅನ್ನುವುದನ್ನೇ ಮರೆತಂತೆ ಇದ್ದೆ.

ಇವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಎರಡು ವರ್ಷದಿಂದ ನಿಂಗೆ ಸೈಕಲ್ ಕಥೆ ಹೇಳ್ತಾನೇ ಇದೀನಿ. ನೀನು ಒಂದ್ಸಲನೂ ಹೇಳ್ಲಿಲ್ವಲ್ಲೇ’ ಅಂದರು.

ಅದೂ ನಿಜ. ತಪ್ಪು ಇವರದೊಬ್ಬರದೇ ಅಲ್ಲ. ಕೇಳಲಿ ಎಂದು ನಾನು ಕಾದೆ, ಹೇಳಲಿ ಎಂದು ಇವರು ಕಾದರೋ ಇಲ್ಲವೋ ಗೊತ್ತಿಲ್ಲ. ಇಬ್ಬರಿಗೂ ಒಂದೇ ವಸ್ತು ಇಷ್ಟವಿದ್ದರೆ ಸಾಲದು, ಅದು ಇಬ್ಬರಿಗೂ ಗೊತ್ತಿರಬೇಕು.

ಮರುದಿನದಿಂದ ನಾವು ಒಂದು ಕ್ರಮ ಮಾಡಿಕೊಂಡೆವು. ನಿಧಾನವಾಗಿ ತುಳಿಯುವವರು ಮುಂದೆ. ಅಂದರೆ ನಾನು. ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎನ್ನುವುದೂ ನಾನೇ. ಇವರು ಹಿಂದೆ. ನನ್ನ ಸೀಟು ತೀರಾ ತಗ್ಗಿನಲ್ಲಿತ್ತು. ಪೆಡಲ್ ಕೆಳಗೆ ಬಂದಾಗ ಕಾಲು ಹೆಚ್ಚುಕಡಿಮೆ ನೇರವಾಗುವಷ್ಟು ಎತ್ತರಿಸಿದರು, ಮಂಡಿನೋವು ಹೋಯಿತು. ವೇಲ್ ಚಕ್ರಕ್ಕೆ ಸಿಕ್ಕಬಾರದೆಂದು ಅದನ್ನು ಮನೆಯಲ್ಲೇ ಬಿಟ್ಟೆ, ಹೆಲ್ಮೆಟ್ ಹಾಕಿಕೊಂಡೆ. ಆ್ಯಪ್ ನಮ್ಮಿಬ್ಬರ ಸವಾರಿಗೆ ಇಲ್ಲ. ಇವರಿಗೆ ಜೋರಾಗಿ ತುಳಿಯುವ ಆಸೆಯೂ ತಪ್ಪಲ್ಲವಲ್ಲ, ತಿಂಗಳಲ್ಲಿ ಎರಡು ಭಾನುವಾರ ಗೆಳೆಯರ ಜೊತೆ, ಎರಡು ಭಾನುವಾರ ನನ್ನ ಜೊತೆ. ಗೆಳೆಯರ ಜೊತೆ ಹೋಗಿ ಬಂದ ವರದಿಯನ್ನು ಈಗ ನಾನು ನಿಜವಾಗಿ ಕೇಳುತ್ತೇನೆ. ಯಾವ ಏರು ಎಂದು ನನಗೂ ಗೊತ್ತು.

ಆವಣಿ ತಲುಪಿದ್ದು ನಾಲ್ಕನೆಯ ಪ್ರಯತ್ನದಲ್ಲಿ. ನೊಳಂಬರ ಕಾಲದ ರಾಮಲಿಂಗೇಶ್ವರನ ಗುಡಿಯ ಆವರಣದಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳಿಗೆ ಬೇರೆಬೇರೆ ಗುಡಿಗಳಿವೆ. ಸೀತಮ್ಮನ ಗುಡಿ ಮಾತ್ರ ಬೆಟ್ಟದ ಮೇಲೆ. ಅವಳು ಲವಕುಶರನ್ನು ಹೆತ್ತದ್ದು ಇಲ್ಲೇ ಎಂದು ನಮ್ಮ ಸೀಮೆಯ ನಂಬಿಕೆ. ಕೆಳಗೆ ಸೈಕಲ್ ನಿಲ್ಲಿಸಿ ಬೆಟ್ಟ ನೋಡುತ್ತ ಬುತ್ತಿ ಬಿಚ್ಚಿದೆವು. ‘ಪಾಪ, ಅವಳನ್ನೂ ಯಾರೂ ಏನೂ ಕೇಳಲಿಲ್ಲ’ ಅಂದೆ. ಇವರು ಚಿತ್ರಾನ್ನ ನುಂಗಿ, ‘ಕೇಳ್ತಾ ಇದೀನಲ್ಲಮ್ಮ, ಉಪ್ಪಿನಕಾಯಿ ಇದೆಯಾ?’ ಅಂದರು. ಇಬ್ಬರೂ ನಕ್ಕೆವು.

ಈಚೆಗೆ ಮಗಳಿಗೆ ಶಾಲೆಯಲ್ಲಿ ವಿಜ್ಞಾನಿಗಳ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದರು. ಅವಳು ಮೇರಿ ಕ್ಯೂರಿಯನ್ನು ಆರಿಸಿಕೊಂಡಳು. 1895ರ ಜುಲೈನಲ್ಲಿ ಮದುವೆಯಾದ ಮೇರಿ ಮತ್ತು ಪಿಯರ್, ಉಡುಗೊರೆಯಾಗಿ ಬಂದ ಹಣದಲ್ಲಿ ಎರಡು ಸೈಕಲ್ ಕೊಂಡು, ಫ್ರಾನ್ಸಿನ ಬ್ರಿಟನಿ ಪ್ರಾಂತ್ಯವನ್ನು ಸುತ್ತಿದರಂತೆ. ಅದೇ ಅವರ ಮಧುಚಂದ್ರ. ಎಂಟು ವರ್ಷದ ಮೇಲೆ ಇಬ್ಬರಿಗೂ ನೊಬೆಲ್ ಬಹುಮಾನ ಬಂತು. ಇಬ್ಬರೂ ಸೈಕಲ್ ಹಿಡಿದು ನಿಂತ ಹಳೆಯ ಚಿತ್ರವನ್ನು ಅಂಟಿಸುತ್ತ ಮಗಳು, ‘ಇವರಲ್ಲಿ ಮುಂದೆ ಹೋಗ್ತಿದ್ದಿದ್ದು ಯಾರಮ್ಮ?’ ಎಂದು ಕೇಳಿದಳು. ಗೊತ್ತಿಲ್ಲ ಪುಟ್ಟಿ ಅಂದೆ. ಅಂದು ಎರಡು ಸೈಕಲ್ ಕೊಂಡರಲ್ಲ, ಒಂದನ್ನೇ ಕೊಂಡು ಹಿಂದೆ ಕ್ಯಾರಿಯರ್ ಹಾಕಿಸಲಿಲ್ಲವಲ್ಲ, ನನಗೆ ಅದು ಇಷ್ಟವಾಯಿತು.

ಅತ್ತೆಯ ವಿಷಯ ಹೇಳುವುದು ಮರೆತೆ. ಅವರು ನನ್ನ ಸೈಕಲ್ಲಿಗೆ ಒಪ್ಪಿಗೆ ಕೊಟ್ಟಿದ್ದೇನೆ ಎಂದು ಯಾವತ್ತೂ ಹೇಳಲಿಲ್ಲ. ಆದರೆ ಒಂದು ಬೆಳಿಗ್ಗೆ ನಾನು ಸ್ಟ್ಯಾಂಡ್ ತೆಗೆಯುವಾಗ ಹಾಲಿನ ಕ್ಯಾನ್ ತಂದು ಎದುರಿಗಿಟ್ಟರು.

‘ಹೆಂಗೂ ಆ ಕಡೇನೇ ಹೋಗ್ತೀಯಲ್ಲ, ಇದನ್ನ ಡೈರಿಗೆ ಹಾಕಿ ಹೋಗು. ಚೆಲ್ಲಬೇಡ.’

ಈಗ ನಾವಿಬ್ಬರು ಹೊರಟಾಗ ಮೊದಲ ನಿಲ್ದಾಣ ಹಾಲಿನ ಡೈರಿ. ಕ್ಯಾನ್ ಇರುವುದು ಇವರ ಗೇರ್ ಸೈಕಲ್ಲಿನಲ್ಲಿ. ಅದಕ್ಕೆಂದೇ ಒಂದು ಕ್ಯಾರಿಯರ್ ಹಾಕಿಸಿದ್ದಾರೆ. ಹಾಲು ಚೆಲ್ಲಬಾರದಲ್ಲ, ಹಾಗಾಗಿ ನಿಧಾನವಾಗಿಯೇ ಬರುತ್ತಾರೆ.