ಕೊನೆಯ ಬೆಂಚಿನ ಹಿಂದೆ

ನನ್ನ ಮಾವ್ಶಿಯ ಶವವನ್ನು ಇಗರ್ಜಿಯೊಳಗೆ ತಂದಾಗ ಅವಳು ಕೊನೆಯ ಬೆಂಚಿನ ಹಿಂದೆ ಗೋಡೆಗೊರಗಿ ನಿಂತಿದ್ದಳು. ಹಸಿರು ಸೀರೆ, ತಲೆಯ ಮೇಲೆ ಸೆರಗು. ಮಾವ್ಶಿಗೆ ಮೂವರು ಮಕ್ಕಳು. ಪೆಟ್ಟಿಗೆಯ ಬಳಿ ಕುಳಿತದ್ದು ಇಬ್ಬರು. ಮೂರನೆಯವಳು ಇವಳು, ಹುಡುಗನಾಗಿ ಹುಟ್ಟಿದವಳು. ಒಂದು ಕಾಲದಲ್ಲಿ ಅದೇ ಇಗರ್ಜಿಯಲ್ಲಿ ಪಾದ್ರಿಯವರ ಪಕ್ಕ ನಿಂತು ಪೂಜೆಗೆ ಗಂಟೆ ಬಾರಿಸುತ್ತಿದ್ದಳು. ಹದಿನೇಳನೇ ವಯಸ್ಸಿನಲ್ಲಿ ಮನೆ ಬಿಟ್ಟು ಮುಂಬೈ ಸೇರಿದಳು ಎಂದು ನಾವು ಎಲ್ಲರಿಗೂ ಹೇಳುತ್ತಿದ್ದೆವು. ನಿಜ ಹೇಳಬೇಕೆಂದರೆ ನಾವೇ ಬಿಡಿಸಿದ್ದು. ಹಿರಿಯರು ಸೇರಿ ತೀರ್ಮಾನ ಮಾಡಿದ ಆ ರಾತ್ರಿ ನಾನೂ ಅಲ್ಲಿದ್ದೆ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ನನ್ನ ಬಾಯಿಯಿಂದ ಅಂದು ಒಂದು ಮಾತೂ ಹೊರಡಲಿಲ್ಲ.

ಪರಮಪ್ರಸಾದದ ಹೊತ್ತಿಗೆ ಎಲ್ಲರೂ ಸಾಲಾಗಿ ಹೋದೆವು. ಅವಳು ಕದಲಲಿಲ್ಲ. ಆಮೇಲೆ ಅಂಗಳದಲ್ಲಿ ಯಾಕೆಂದು ಕೇಳಿದೆ.

“ನಾನು ಕೈ ಚಾಚಿ, ಫಾದರ್ ಕೈ ಹಿಂದಕ್ಕೆ ತೆಗೆದರೆ ಏನು ಮಾಡುವುದು ಬಾಯ್? ಅಮ್ಮನ ಎದುರಿಗೆ ಅದು ಬೇಡ ಅನಿಸಿತು.”

ಆ ರಾತ್ರಿ ಬೈಬಲ್ ತೆಗೆದೆ. ವೃಷಣ ಕಳೆದುಕೊಂಡವನಿಗೆ ದೇವರ ಸಭೆಯೊಳಗೆ ಪ್ರವೇಶವಿಲ್ಲ ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ಅಂಥವರಿಗೇ ತನ್ನ ಆಲಯದಲ್ಲಿ ಮಕ್ಕಳಿಗಿಂತ ಮೇಲಾದ ಹೆಸರು ಕೊಡುತ್ತೇನೆಂದು ಯೆಶಾಯನ ಗ್ರಂಥದಲ್ಲಿ ದೇವರು ಮಾತು ಕೊಡುತ್ತಾನೆ. ಅಪೊಸ್ತಲರ ಕೃತ್ಯಗಳ ಎಂಟನೇ ಅಧ್ಯಾಯದಲ್ಲಿ ಇಥಿಯೋಪಿಯದ ಕಂಚುಕಿಯೊಬ್ಬ ದಾರಿಬದಿಯ ನೀರು ಕಂಡು ತನಗೆ ದೀಕ್ಷೆ ಕೊಡಲು ಅಡ್ಡಿಯೇನೆಂದು ಕೇಳುತ್ತಾನೆ. ಫಿಲಿಪ್ಪನು ವಿಚಾರಣೆಗೆ ಕೂರಲಿಲ್ಲ, ರಥದಿಂದಿಳಿದು ದೀಕ್ಷೆ ಕೊಟ್ಟ. ಅಂದಿನ ಕಂಚುಕಿಯೂ ಇಂದಿನ ಮಂಗಳಮುಖಿಯೂ ಒಂದೇ ಅಲ್ಲ, ಒಪ್ಪುತ್ತೇನೆ. ಆದರೆ ಬಾಗಿಲ ಹೊರಗೆ ನಿಲ್ಲಿಸಲ್ಪಟ್ಟವರು ಎಂಬುದರಲ್ಲಿ ವ್ಯತ್ಯಾಸವೇನಿದೆ?

ಬಾಗಿಲು ತೆರೆದವರೂ ಇದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ರೋಮ್ ಸಮೀಪದ ತೋರ್ವಯಾನಿಕಾ ಎಂಬ ಕಡಲೂರಿನ ಇಗರ್ಜಿಗೆ ಹಸಿದ ಮಂಗಳಮುಖಿಯರು ಬಂದರು. ಹೆಚ್ಚಿನವರು ಲ್ಯಾಟಿನ್ ಅಮೆರಿಕದಿಂದ ಬಂದು ಬೀದಿಯಲ್ಲಿ ಮೈ ಮಾರಿ ಬದುಕುತ್ತಿದ್ದವರು. ಅಲ್ಲಿನ ಪಾದ್ರಿ ಆಂದ್ರೆಯಾ ಕೊನೊಕ್ಕಿಯಾ ಅವರಿಗೆ ನೆರವಾದರು, ಪೋಪ್ ಫ್ರಾನ್ಸಿಸ್‌ರ ದಾನವಿಭಾಗದಿಂದ ಹಣ ಬಂತು. 2023ರ ನವೆಂಬರಿನಲ್ಲಿ ಬಡವರೊಂದಿಗೆ ಪೋಪ್ ಊಟಕ್ಕೆ ಕುಳಿತಾಗ ಈ ಮಹಿಳೆಯರೂ ಜತೆಗಿದ್ದರು. ನಮ್ಮ ನೆರೆಯ ಕೊಚ್ಚಿಯಲ್ಲಿ 2016ರ ಕೊನೆಗೆ, ಶಾಲೆ ಬಿಟ್ಟ ಮಂಗಳಮುಖಿಯರಿಗಾಗಿ ‘ಸಹಜ್’ ಎಂಬ ಕಲಿಕಾ ಕೇಂದ್ರ ಶುರುವಾಯಿತು. ಮನೆ ಮಾಲೀಕರು ಜಾಗ ಕೊಡಲು ಒಪ್ಪದಿದ್ದಾಗ ತಮ್ಮ ಕಟ್ಟಡ ಕೊಟ್ಟವರು ಕಾರ್ಮೆಲ್ ಸಭೆಯ ಸನ್ಯಾಸಿನಿಯರು.

ಹಾಗೆಂದು ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. 2024ರ ಏಪ್ರಿಲಿನಲ್ಲಿ ವ್ಯಾಟಿಕನ್ ಹೊರಡಿಸಿದ ಘೋಷಣೆ ಲಿಂಗಪರಿವರ್ತನೆಯನ್ನು ಮನುಷ್ಯನ ಘನತೆಗೆ ಧಕ್ಕೆಯೆಂದೇ ಪರಿಗಣಿಸಿತು. ಊಟಕ್ಕೆ ಕರೆದ ಮನೆಯಿಂದಲೇ ಈ ಮಾತೂ ಬಂದದ್ದು. ಮರುವರ್ಷ ಏಪ್ರಿಲಿನಲ್ಲಿ ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಸಾಂತಾ ಮರಿಯಾ ಮಜ್ಜೋರೆ ಇಗರ್ಜಿಯ ಮೆಟ್ಟಿಲ ಮೇಲೆ ಬಿಳಿ ಗುಲಾಬಿ ಹಿಡಿದು ಅವರ ಶವಪೆಟ್ಟಿಗೆಯನ್ನು ಬರಮಾಡಿಕೊಂಡ ಬಡವರು, ಕೈದಿಗಳ ಗುಂಪಿನಲ್ಲಿ ಮಂಗಳಮುಖಿಯರೂ ಇದ್ದರು. ಅದನ್ನು ಟಿವಿಯಲ್ಲಿ ನೋಡುತ್ತಾ ನನಗೆ ಕಂಡದ್ದು ನಮ್ಮ ಕೊನೆಯ ಬೆಂಚು.

ಈಗ ನನ್ನ ಮೊಮ್ಮಗಳ ಜ್ಞಾನಸ್ನಾನ. ನಮ್ಮಲ್ಲಿ ಹೆತ್ತವರಲ್ಲದೆ ಇನ್ನೊಬ್ಬರು ಮಗುವಿನ ವಿಶ್ವಾಸಕ್ಕೆ ಹೊಣೆಯಾಗಿ ನಿಲ್ಲುವ ಕ್ರಮವಿದೆ, ಜ್ಞಾನತಾಯಿ ಎನ್ನುತ್ತೇವೆ. ಅವಳನ್ನೇ ನಿಲ್ಲಿಸೋಣ ಎಂದಳು ನನ್ನ ಮಗಳು. ಆ ರಾತ್ರಿ ಹುಟ್ಟಿರದವಳಿಗೆ ಇರುವ ಧೈರ್ಯ! ನಮ್ಮ ಪಾದ್ರಿಯವರು ಒಳ್ಳೆಯವರೇ. 2023ರಲ್ಲಿ ಬ್ರೆಜಿಲಿನ ಬಿಷಪರೊಬ್ಬರ ಪ್ರಶ್ನೆಗೆ ವ್ಯಾಟಿಕನ್ ಕೊಟ್ಟ ಉತ್ತರವನ್ನು ಅವರು ಓದಿದ್ದರು. ಇಂಥವರಿಗೆ ದೀಕ್ಷಾಸ್ನಾನ ಕೊಡಬಹುದು, ಕೆಲವು ಷರತ್ತಿನ ಮೇಲೆ ಜ್ಞಾನತಾಯಿಯಾಗಿಯೂ ನಿಲ್ಲಬಹುದು, ಆದರೆ ವಿಶ್ವಾಸಿಗಳಲ್ಲಿ ಗೊಂದಲ ಉಂಟಾಗಬಾರದು ಎಂದು ಅದರಲ್ಲಿದೆ.

“ಗೊಂದಲ ಮಾಡುವವರು ಯಾರು ಫಾದರ್?” ಎಂದೆ.

“ಅದನ್ನೇ ಯೋಚಿಸುತ್ತಿದ್ದೇನೆ. ಮೊದಲು ಅವರನ್ನು ನನ್ನ ಹತ್ತಿರ ಕರೆತನ್ನಿ, ಮಾತಾಡುತ್ತೇನೆ” ಎಂದರು.

ಮುಂಬೈಗೆ ಫೋನ್ ಮಾಡಿದೆ. ಅವಳು ಮಗುವಿನ ತೂಕ ಕೇಳಿದಳು, ಕೂದಲು ಎಷ್ಟಿದೆ ಎಂದು ಕೇಳಿದಳು. ತುಂಬ ಹೊತ್ತು ಸುಮ್ಮನಿದ್ದಳು.

“ಇಗರ್ಜಿಯ ಪುಸ್ತಕದಲ್ಲಿ ನನ್ನ ಯಾವ ಹೆಸರು ಬರೆಯುತ್ತಾರೆ ಬಾಯ್?”

ನನಗೆ ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆ ಎಂದೆ. ರೈಲಿನ ಟಿಕೇಟನ್ನಂತೂ ಮಗಳು ಅಂದೇ ಕಾದಿರಿಸಿದಳು.